ಅದೇ ದಾನಿ, ಅದೇ ಪೆಪ್ಟೈಡ್, ಟಿ ಸೆಲ್ ಪ್ರತಿಕ್ರಿಯೆ ಯಾಕೆ ಅರ್ಧ?

ಪ್ರಶ್ನೆ: ಮೇಡಂ, ಒಬ್ಬರೇ ದಾನಿಯ ರಕ್ತದಿಂದ ಒಂದೇ ದಿನ ಫ್ರೀಜ್ ಮಾಡಿಟ್ಟ ಪಿಬಿಎಂಸಿ (ಟಿ ಸೆಲ್, ಮಾನೋಸೈಟ್ ಮುಂತಾದ ಬಿಳಿ ರಕ್ತಕಣಗಳ ಮಿಶ್ರಣ) ವಯಲ್‌ಗಳಿವು. ಹಿಂದಿನ ಸಲ ವೈರಸ್ ಪೆಪ್ಟೈಡ್ (ವೈರಸ್ ಪ್ರೋಟೀನಿನ ತುಣುಕು) ಹಾಕಿದಾಗ, ಸಂಕೇತ ಪ್ರೋಟೀನ್ ಬಿಡುವ ಒಂದೊಂದು ಸೆಲ್ಲನ್ನೂ ಚುಕ್ಕೆಯಾಗಿ ತೋರಿಸುವ ಎಲಿಸ್ಪಾಟ್‌ನಲ್ಲಿ ಇಂಟರ್‌ಫೆರಾನ್ ಗಾಮಾ ಚುಕ್ಕೆಗಳು ಚೆನ್ನಾಗಿ ಬಂದಿದ್ದವು. ಈ ಸಲ ಅರ್ಧವೂ ಇಲ್ಲ. ಪೆಪ್ಟೈಡ್ ಹಾಕದ ವೆಲ್‌ಗಳಲ್ಲಿ ಮಾತ್ರ ಚುಕ್ಕೆ ಜಾಸ್ತಿ! ಮೀಡಿಯಂಗೆ (ಸೆಲ್ ಬೆಳೆಸುವ ದ್ರವಕ್ಕೆ) ಸೇರಿಸುವ ಸೀರಂ ಹೊಸ ಲಾಟ್‌ನದು. ಜೊತೆಗೆ ಸಮಯ ಸಾಲದೆ, ರಾತ್ರಿ ರೆಸ್ಟ್ (ಇನ್‌ಕ್ಯುಬೇಟರಿನಲ್ಲಿ ವಿಶ್ರಾಂತಿ) ಕೊಡದೆ, ಕರಗಿಸಿದ ದಿನವೇ ಪ್ಲೇಟ್ ಮಾಡಿದೆ. ಪೆಪ್ಟೈಡ್ ಕೆಟ್ಟಿರಬಹುದೇ?

ಉತ್ತರ: ಪೆಪ್ಟೈಡನ್ನು ದೂರುವುದು ಆಮೇಲೆ. ಕರಗಿಸಿದ ಕೂಡಲೇ ಎಣಿಸಿದರೆ ಟ್ರಿಪಾನ್ ಬ್ಲೂ (ಸತ್ತ ಸೆಲ್‌ಗಳಿಗೆ ಮಾತ್ರ ಹಿಡಿಯುವ ಬಣ್ಣ) ನಿಮಗೆ ಸುಳ್ಳು ಹೇಳುತ್ತದೆ: ಸಾಯುವ ಹಾದಿ ಹಿಡಿದ ಸೆಲ್‌ಗಳೂ ಆಗ ಬದುಕಿದಂತೆಯೇ ಕಾಣುತ್ತವೆ. ರಾತ್ರಿ ರೆಸ್ಟ್ ಕೊಟ್ಟು ಬೆಳಿಗ್ಗೆ ಮತ್ತೆ ಎಣಿಸಿದರೆ ಆ ಲೆಕ್ಕ ಸರಿಹೋಗುತ್ತದೆ. ಪೆಪ್ಟೈಡ್ ಇಲ್ಲದ ವೆಲ್‌ನ ಚುಕ್ಕೆಗಳಿಗೆ ನನ್ನ ಮೊದಲ ಅನುಮಾನ ಸೀರಂ ಮೇಲೆ. ಅದರಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪದರದ ವಿಷವಸ್ತು) ಇದ್ದರೆ ಮಾನೋಸೈಟ್‌ಗಳು ಕೆರಳಿ, ಅವು ಬಿಡುವ ಸಂಕೇತ ಪ್ರೋಟೀನುಗಳಾದ ಸೈಟೋಕೈನ್‌ಗಳಿಂದ ಎನ್‌ಕೆ ಸೆಲ್‌ಗಳು ಪೆಪ್ಟೈಡ್ ಇಲ್ಲದೆಯೂ ಇಂಟರ್‌ಫೆರಾನ್ ಗಾಮಾ ಬಿಡಬಲ್ಲವು. ಹಳೆ ಲಾಟ್ ಸ್ವಲ್ಪವಾದರೂ ಉಳಿದಿದ್ದರೆ ಎರಡೂ ಸೀರಂಗಳನ್ನು, ರೆಸ್ಟ್ ಕೊಟ್ಟ ಮತ್ತು ಕೊಡದ ಸೆಲ್‌ಗಳ ಜೊತೆ, ಒಂದೇ ಪ್ಲೇಟ್‌ನಲ್ಲಿ ಹಾಕಿ ನೋಡಿ.

ಇನ್ನೊಬ್ಬ ಸದಸ್ಯರು: ರೆಸ್ಟ್ ಕೊಡುವಾಗ ಸೆಲ್‌ಗಳು ಎಷ್ಟು ದಟ್ಟವಾಗಿರಬೇಕು ಮೇಡಂ? ಅದರಿಂದ ವ್ಯತ್ಯಾಸ ಆಗುತ್ತದೆಯೇ?

ಉತ್ತರ: ಆಗುತ್ತದೆ, ಅದೂ ಚಿಕ್ಕಪುಟ್ಟದ್ದಲ್ಲ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ, ಟಿ ಸೆಲ್‌ಗಳನ್ನು ಕೆರಳಿಸುವ ಆಂಟಿಬಾಡಿ ಪಡೆದ ಆರೂ ಸ್ವಯಂಸೇವಕರಿಗೆ ಸೈಟೋಕೈನ್ ಬಿರುಗಾಳಿ ಎದ್ದು ಐಸಿಯು ಸೇರಬೇಕಾಯಿತು. ಅದೇ ಆಂಟಿಬಾಡಿಯನ್ನು ಮಾಮೂಲಿ ವಿಧಾನದಲ್ಲಿ ಪಿಬಿಎಂಸಿಗೆ ಹಾಕಿದರೆ ಸೆಲ್‌ಗಳು ಹೆಚ್ಚುಕಡಿಮೆ ಸುಮ್ಮನಿರುತ್ತಿದ್ದವು. 2011ರಲ್ಲಿ ಜರ್ಮನಿಯ ಸಂಶೋಧಕರು ಪಿಬಿಎಂಸಿಯನ್ನು ಮಿಲಿಲೀಟರಿಗೆ 1 ಕೋಟಿಯಂತೆ ಒತ್ತೊತ್ತಾಗಿ ಎರಡು ದಿನ ಬೆಳೆಸಿ, ಆಮೇಲೆ ಆಂಟಿಬಾಡಿ ಹಾಕಿದಾಗ ಟಿ ಸೆಲ್‌ಗಳು ಜೋರಾಗಿ ಸೈಟೋಕೈನ್ ಬಿಟ್ಟವು. ಅಂಗಾಂಶದಲ್ಲಿ ಟಿ ಸೆಲ್ ಸದಾ ಅಕ್ಕಪಕ್ಕದ ಸೆಲ್‌ಗಳಿಗೆ ತಾಗಿಕೊಂಡೇ ಇರುತ್ತದೆ. ಆ ಸಣ್ಣ ಸಂಕೇತ ಅದನ್ನು ಎಚ್ಚರದಲ್ಲಿಡುತ್ತದೆ. ರಕ್ತದಲ್ಲಿ ಅದು ತಪ್ಪಿಹೋಗುತ್ತದೆ, ಮಾನೋಸೈಟ್‌ಗಳ ಜೊತೆ ದಟ್ಟವಾಗಿಟ್ಟರೆ ಮರಳುತ್ತದೆ. ಪರೀಕ್ಷೆಗೆ ಮಾತ್ರ ತಿರುಗಿ ಮಾಮೂಲಿ ದಟ್ಟಣೆಗೆ ಇಳಿಸಿ. ಇಷ್ಟು ಸೆಲ್‌ಗಳಿದ್ದಾಗ ಮೀಡಿಯಂ ಬೇಗ ಹಳದಿಗೆ ತಿರುಗುತ್ತದೆ, ಕಣ್ಣಿಟ್ಟಿರಿ.

ಪ್ರಶ್ನೆ ಕೇಳಿದವರು: ಹಾಗಾದರೆ ಆರ್‌ಪಿಎಂಐ 1640 ಎಂಬ ಈಗಿನ ಮೀಡಿಯಂ ಬಿಟ್ಟು ಪ್ಲಾಸ್ಮಾದಂಥ ಮೀಡಿಯಂಗೆ ಹೋಗಲೇ?

ಉತ್ತರ: ಆರ್‌ಪಿಎಂಐ ರಕ್ತದಂತಿಲ್ಲ, ನಿಜ. ಗ್ಲೂಕೋಸ್ ಸುಮಾರು 11 ಮಿಲಿಮೋಲಾರ್, ರಕ್ತದ ಎರಡರಷ್ಟು. ಟಿ ಸೆಲ್ ಚುರುಕಾಗಲು ಬೇಕಾದ ಕ್ಯಾಲ್ಸಿಯಂ 0.4ರ ಆಸುಪಾಸು, ರಕ್ತದಲ್ಲಿ ಮುಕ್ತವಾಗಿರುವುದೇ 1.2ರಷ್ಟು. ಇನ್ನು ಇನ್‌ಕ್ಯುಬೇಟರಿನ ಆಮ್ಲಜನಕವಂತೂ ಯಾವ ಅಂಗಾಂಶಕ್ಕೂ ಸಿಗದಷ್ಟು. ಆದರೆ ನಿಮ್ಮ ಎರಡೂ ಸಲ ಇದೆಲ್ಲ ಹಾಗೆಯೇ ಇತ್ತಲ್ಲ? ಈಗ ಮೀಡಿಯಂ ಬದಲಿಸಿದರೆ ಹಳೆಯ ಡೇಟಾ ಜೊತೆ ಹೋಲಿಸಲು ಏನೂ ಉಳಿಯುವುದಿಲ್ಲ. ಮೊದಲು ಸೀರಂ ಪ್ಲೇಟ್ ಮುಗಿಸಿ, ಚುಕ್ಕೆಗಳ ಲೆಕ್ಕ ಇಲ್ಲೇ ಹಾಕಿ.