ಸಹಾಯ ಬೇಕು: ಎದೆಯುರಿಗೆ ನಿಮ್ಮೂರಲ್ಲಿ ಏನಂತಾರೆ?

ರಾಯಚೂರು, ಸಿಂಧನೂರು, ಮಾನ್ವಿ ಕಡೆ ಹಂಚೋಕೆ ಅನ್ನನಾಳದ ಉರಿಯೂತದ ಕರಪತ್ರ ಮಾಡ್ತಿದ್ದೇವೆ. ಎದೆಯುರಿ, ಹುಳಿತೇಗು, ನುಂಗುವಾಗಿನ ನೋವು, ಇವಕ್ಕೆ ನಿಮ್ಮೂರಿನ ಮಾತು ಬೇಕ್ರಿ. ‘ಗ್ಯಾಸ್’ ಸಾಲದು; ಹೃದಯದ ನೋವಿಗೂ ಅದನ್ನೇ ಅಂತಾರೆ. ಬೆವರು, ಎಡಗೈ ಸೆಳೆತ ಇದ್ದರೆ ಮೊದಲು ಇಸಿಜಿ.

ಬರೆದಿರೋದು ಇಷ್ಟು: ವೈದ್ಯರು ಪ್ಯಾಂಟೊಪ್ರಜೋಲ್ (ಹೊಟ್ಟೆಯ ಹುಳಿ ತಗ್ಗಿಸೋ ಮಾತ್ರೆ) 40 ಮಿ.ಗ್ರಾಂ ಕೊಟ್ಟರೆ ನಾಷ್ಟಾಕ್ಕೆ ಅರ್ಧ ತಾಸು ಮುಂಚೆ, ಸಾಮಾನ್ಯವಾಗಿ 8 ವಾರ. ಮಂಡಕ್ಕಿ-ಮಿರ್ಚಿ ತಿಂದಮೇಲೆ ನುಂಗಿದರೆ ಪೂರ್ತಿ ಕೆಲಸ ಮಾಡಲ್ಲ. ರಾತ್ರಿ ಊಟ ಮಲಗೋಕೆ 3 ತಾಸು ಮೊದಲು. ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು 15 ಸೆಂ.ಮೀ. ಏರಿಸಬೇಕು, ಬರೀ ದಿಂಬು ಏರಿಸಿದರೆ ಹೊಟ್ಟೆ ಮಡಚಿ ಹುಳಿ ಮೇಲೇರುತ್ತದೆ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಮಾತ್ರೆ ಗುಟುಕು ನೀರಲ್ಲಿ ನುಂಗಿ ಅಡ್ಡಾದರೆ ಅನ್ನನಾಳಕ್ಕೆ ಅಂಟಿ ಸುಡುತ್ತದೆ. ತುಂಬು ಲೋಟ ನೀರು ಬೇಕು. ತುತ್ತು ಸಿಕ್ಕಿಕೊಳ್ಳೋದು, ಕಪ್ಪು ಮಲ, ತೂಕ ಇಳಿಕೆ ಕಂಡರೆ ತಡ ಮಾಡದೆ ವೈದ್ಯರ ಹತ್ತಿರ.

ಕೊಪ್ಪಳ, ಬಳ್ಳಾರಿಯವರೂ ಬರೀರಿ.