ಸಹಾಯ ಬೇಕು: ಚಾಕಣ್‌ನಿಂದ ಜಾಲ್ನಾಕ್ಕೆ ಗುಜರಿ ಬಾಡಿಗೆ ಹೇಗೆ ಕಟ್ಟೋದು?

ಪುಣೆ ಕಡೆ ಗುಜರಿ ಲಾರಿ ಓಡಿಸುವ ಅಣ್ಣಂದಿರೇ, ಒಂದು ಲೆಕ್ಕ ನೋಡಿ ಹೇಳಿ. ಹತ್ತು ಚಕ್ರದ ಗಾಡಿ, ಒಂದು ಕಡೆಗೆ ಸುಮಾರು 280 ಕಿ.ಮೀ. ಲೋಡಲ್ಲಿ ಲೀಟರಿಗೆ 3.5, ಖಾಲಿ ಬಂದರೆ 5 ಅಂತ ಹಿಡಿದರೆ 136 ಲೀಟರ್. 90 ರೂಪಾಯಿಯಂತೆ ಡೀಸೆಲ್ಲೇ 12,240.

ಟನ್ನಿಗೆ 1,300 ಅಂದರೆ, ದಪ್ಪ ಗುಜರಿ 18 ಟನ್ನಿಗೆ 23,400 ಬರುತ್ತದೆ. ಆದರೆ ಲೇತ್ ಟರ್ನಿಂಗ್ (ಲೇತ್ ಯಂತ್ರದಲ್ಲಿ ಕೊರೆದಾಗ ಬೀಳುವ ಸುರುಳಿ ಚೂರು) ಹಾಕಿದರೆ 11 ಟನ್ನಿಗೇ ಬಾಡಿ ತುಂಬುತ್ತದೆ: 14,300. ಟೋಲ್, ಬಾಟಾ (ಡ್ರೈವರ್ ದಾರಿ ಖರ್ಚು) ಕಳೆದರೆ ಏನುಳಿಯುತ್ತದೆ? ಮೇಲಾಗಿ ಟರ್ನಿಂಗಿಗೆ ಅಂಟಿದ ಕೂಲಂಟ್ ಎಣ್ಣೆ ದಾರಿಯಲ್ಲಿ ಸೋರಿ, ಜಾಲ್ನಾದ ಉಕ್ಕಿನ ಮಿಲ್ಲಿನ ಕಾಂಟಾದಲ್ಲಿ (ಲಾರಿ ತೂಗುವಲ್ಲಿ) ತೂಕ ಇಳಿಯುತ್ತದೆ, ಅದನ್ನು ಬಾಡಿಗೆಯಲ್ಲೇ ಹಿಡಿಯುತ್ತಾರೆ. ಓವರ್‌ಲೋಡ್ ಬೇಡವೇ ಬೇಡ. ದಂಡ 20,000, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000.

ಟರ್ನಿಂಗಿಗೆ ಕನಿಷ್ಠ 16 ಟನ್ ಗ್ಯಾರಂಟಿ (ತೂಕ ಕಡಿಮೆ ಬಂದರೂ 16 ಟನ್ನಿನ ಬಾಡಿಗೆ) ಕೇಳಿದರೆ ಒಪ್ಪುತ್ತಾರಾ? ಜಾಲ್ನಾದಿಂದ ಟಿಎಂಟಿ ಕಂಬಿ (ಕಟ್ಟಡದ ಉಕ್ಕಿನ ಕಂಬಿ) ವಾಪಸ್ ಲೋಡ್ ಎಷ್ಟು ಹೊತ್ತಿಗೆ ಸಿಗುತ್ತದೆ? ಇಳಿಸೋದು ಎರಡನೇ ದಿನಕ್ಕೆ ಹೋದರೆ ಹಾಲ್ಟಿಂಗ್ (ಗಾಡಿ ಕಾದು ನಿಂತ ದುಡ್ಡು) ಎಷ್ಟು ಬರೆಸಿಕೊಳ್ಳುತ್ತೀರಿ?