ಪದಚರ್ಚೆ: ಹಡಗಿನ ಆಯ್ಲರ್, ವೈಪರ್‌ಗೆ ಕನ್ನಡದಲ್ಲಿ ಏನಂತೀರಿ?

ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ಹಾಸನದಲ್ಲಿ ಐಟಿಐ ಹುಡುಗರಿಗೆ ಮರ್ಚೆಂಟ್ ನೇವಿ ಕೆಲಸದ ಬಗ್ಗೆ ಒಂದು ಕರಪತ್ರ ಕನ್ನಡಕ್ಕೆ ಮಾಡ್ತಿದೀನಿ, ನಾಳೆ ಪ್ರಿಂಟಿಗೆ ಹೋಗ್ಬೇಕು. ಚೀಫ್ ಇಂಜಿನಿಯರ್, ಸೆಕೆಂಡ್ ಇಂಜಿನಿಯರ್ ಎಲ್ಲ ಹಾಗೇ ಬಿಟ್ಟಿದೀನಿ. ಅವರ ಕೈಕೆಳಗೆ ಇಂಜಿನ್ ರೂಮಲ್ಲಿರೋ ಫಿಟ್ಟರ್, ಆಯ್ಲರ್, ವೈಪರ್, ಇವಕ್ಕೆ ಏನು ಹಾಕಲಿ? 'ಎಣ್ಣೆ ಹಾಕುವವ', 'ಒರೆಸುವವ' ಅಂದ್ರೆ ಹುಡುಗ್ರು ಕರಪತ್ರ ಮಡಚಿ ಇಟ್ಬಿಡ್ತಾರೆ.

*

ಎಣ್ಣಿಗ, ಒರೆಸಿಗ. ಅಂಬಿಗ, ಗಾಣಿಗ ಇರೋ ಭಾಷೆಗೆ ಇಂಗ್ಲಿಷ್ ಯಾಕೆ ಬೇಕು? 'ಎಣ್ಣೆಗಾರ' ಬೇಡ, ಆ 'ಗಾರ' ಸಂಸ್ಕೃತದ 'ಕಾರ'.

*

ಚಿಕ್ಕಮಗಳೂರಿಂದ. ಒಪ್ಪಲ್ಲ ಸಾರ್. ಅಂಬಿ (ಅಂದ್ರೆ ದೋಣಿ), ಗಾಣ ಎರಡೂ ನಾಮಪದ, 'ಒರೆಸು'ಗೆ 'ಇಗ' ಅಂಟಿಸಿದ್ರೆ ಕಿವಿಗೆ ಒಗ್ಗಲ್ಲ. ಅದಕ್ಕಿಂತ ಮುಖ್ಯ, ಆಯ್ಲರ್ ಕೆಲಸ ಈಗ ಬರೀ ಎಣ್ಣೆ ಹುಯ್ಯೋದು ಅಲ್ಲ. ಉಗಿ ಇಂಜಿನ್ ಕಾಲದಲ್ಲಿ ತಿರುಗ್ತಿರೋ ಇಂಜಿನ್ನಿಗೇ ಕೈ ಹಾಕಿ ಬೇರಿಂಗ್ ಬಿಸಿ ಆಗಿದ್ಯಾ ಅಂತ ಮುಟ್ಟಿ ನೋಡಿ ಎಣ್ಣೆ ಬಿಡೋನು, ಹೆಸರು ಆಗಿಂದು. ಈಗ ಎಣ್ಣೆ ಪಂಪಿಂದ ಹೋಗುತ್ತೆ. ಇವನು ವಾಚ್ ಅಂದ್ರೆ 4 ಗಂಟೆ ಪಾಳಿಯಲ್ಲಿ ಇಂಜಿನಿಯರ್ ಜೊತೆ ರೌಂಡ್ ಹಾಕಿ ಟೆಂಪರೇಚರ್, ಪ್ರೆಷರ್ ಓದ್ತಾನೆ, ಟ್ಯಾಂಕಲ್ಲಿ ಎಷ್ಟಿದೆ ಅಳೀತಾನೆ, ಇಂಜಿನ್ನಿಗೆ ಉರಿಸೋ ಹೆವಿ ಆಯಿಲ್ಲಿಂದ ನೀರು ಕೆಸರು ಬೇರೆ ಮಾಡೋ ಪ್ಯೂರಿಫೈಯರ್ ನೋಡ್ಕೋತಾನೆ, ತಳದ ಬಿಲ್ಜಲ್ಲಿ ನೀರು ಏರ್ತಿದ್ರೆ ಮೊದಲು ಕೂಗೋನೂ ಇವನೇ. ಸೆಕೆ ಎಷ್ಟೋ ಸಲ 40 ಡಿಗ್ರಿ ದಾಟುತ್ತೆ, ಸದ್ದಿಗೆ ಕಿವಿ ಮುಚ್ಕೊಂಡೇ ಕೆಲಸ. ಈಗ ಬಹಳ ಹಡಗಲ್ಲಿ ಇವನಿಗೆ ಮೋಟರ್‌ಮ್ಯಾನ್ ಅಂತಾನೇ ಅಂತಾರೆ. ವೈಪರ್ ಕ್ಲೀನಿಂಗು, ಪೇಂಟಿಂಗು ಮಾಡ್ತಾ ಮಿಷನ್ ಕಲಿಯೋ ಹೊಸಬ, ಮುಂದೆ ಆಯ್ಲರ್ ಆಗೋನು. ಫಿಟ್ಟರ್‌ದು ವೆಲ್ಡಿಂಗು, ಲೇತು, ಐಟಿಐ ಹುಡುಗ್ರಿಗೆ ಹೇಳೋದೇ ಬೇಡ.

ಎರವಲು ಅಂತೀರಾ, ನಮ್ಮ ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರು, ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರು, ಮೇಸ್ತ್ರಿ ಇಲ್ದೆ ದಿನ ನಡಿಯಲ್ಲ. ಮೇಸ್ತ್ರಿ ಪೋರ್ಚುಗೀಸಿಂದ ಬಂದಿದ್ದು, ಕಿತ್ತು ಹಾಕ್ತೀರಾ?

*

ಮಲ್ಪೆ ಕಡೆ ಬೋಟಲ್ಲಿ ಮುಖ್ಯಸ್ಥನಿಗೆ ತಾಂಡೇಲ, ಕೆಲಸದವನಿಗೆ ಕಲಾಸಿ ಅಂತಾರಲ್ಲ, 'ಇಂಜಿನ್ ಕಲಾಸಿ' ಅನ್ನಿ. ಕಲ್ಲಿದ್ದಲ ಹಡಗಲ್ಲಿ ಬೆಂಕಿ ನೋಡ್ಕೋತಿದ್ದ ನಮ್ಮ ದೇಶದವರಿಗೆ 'ಆಗ್‌ವಾಲಾ' ಅಂತಿದ್ರು, ಹಡಗಿನ ಮಾತು ಯಾವತ್ತೂ ಕಲಬೆರಕೆನೇ.

*

ಕಲಾಸಿ ಅರಬ್ಬಿ ಮೂಲದ್ದು. ಇಂಗ್ಲಿಷ್ ಬಿಟ್ಟು ಅರಬ್ಬಿ ಹಿಡಿಯೋದು ಯಾವ ಕನ್ನಡ ಸೇವೆ? ಎಣ್ಣಿಗ ಅಂತ ಬಳಸ್ತಾ ಹೋದ್ರೆ ಒಗ್ಗುತ್ತೆ.

*

ಬಳಸೋರು ಯಾರು ಸಾರ್? ಆ ಹುಡುಗ ಕೆಲಸ ಹುಡುಕೋವಾಗ, ಪರೀಕ್ಷೆಗೆ ಕೂತಾಗ, ಎಲ್ಲೂ ಎಣ್ಣಿಗ ಅಂತ ಇರಲ್ಲ. ಹೆಸರು ಹಾಗೇ ಬಿಡಿ, ಕೆಳಗೆ ಕೆಲಸ ಏನು ಅಂತ ಒಳ್ಳೆ ಕನ್ನಡದಲ್ಲಿ ಬರೀರಿ.

*

ಸರಿ, ಹಾಗೇ ಮಾಡ್ತೀನಿ. 'ಮೋಟರ್‌ಮ್ಯಾನ್ ಅಥವಾ ಆಯ್ಲರ್: ಪಾಳಿಯಲ್ಲಿ ಯಂತ್ರಗಳ ಮೇಲೆ ನಿಗಾ ಇಡುವವರು.' ಬಿಲ್ಜ್‌ಗೆ 'ಹಡಗಿನ ತಳದಲ್ಲಿ ನೀರು ನಿಲ್ಲುವ ಜಾಗ' ಅಂತ ಹಾಕಿದೀನಿ, ತಪ್ಪಿದ್ರೆ ರಾತ್ರಿ ಒಳಗೆ ಹೇಳಿ.